ತಳ ಬಡಿಸಿದ ಸೇರು

ನನ್ನ ದಿನಚರಿಯ ಕೊನೆಯ ಹಾಳೆಗಳಲ್ಲಿ ಒಂದು ಪಟ್ಟಿ ಇದೆ. ಡಿಸೆಂಬರ್ ಹದಿಮೂರರ ಶನಿವಾರದವರೆಗೆ ಅದರಲ್ಲಿ 212 ವಸ್ತುಗಳಿದ್ದವು: ಬೀಗ 41, ಲಾಟೀನು 17, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ 9, ಸೇರು, ಪಾವು, ಚಟಾಕು ಎಲ್ಲ ಕೂಡಿ 38, ಹಾಡದ ರೇಡಿಯೊ 6. ಮಿಕ್ಕವು ಬಿಡಿ ಸಾಮಾನು. ಹೊಳಲ್ಕೆರೆಯ ನನ್ನ ಬಾಡಿಗೆ ಮನೆಗೆ ಎರಡು ಕೋಣೆ. ಒಂದು ಪೂರ್ತಿ ಅವುಗಳದ್ದು, ಇನ್ನೊಂದರಲ್ಲಿ ಅರ್ಧ. ಪ್ರತಿ ಭಾನುವಾರ ಒರೆಸುತ್ತೇನೆ. ಎಲ್ಲವನ್ನೂ ಒಂದು ಸುತ್ತು ಒರೆಸಲು ಐದು ಭಾನುವಾರ ಬೇಕು. ಅಷ್ಟರಲ್ಲಿ ಮೊದಲನೆಯದರ ಮೇಲೆ ಮತ್ತೆ ದೂಳು ಕೂತಿರುತ್ತದೆ.

ಶುರುವಾದದ್ದು ಶಾಲೆಯಲ್ಲಿ. ನೆಲ ಅಗೆದು ಹಳೆಯ ಊರಿನ ಕುರುಹು ತೆಗೆದ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದಾಗ ಒಂದು ಮಡಕೆ ಚೂರನ್ನು ಜೇಬಿಗೆ ಹಾಕಿಕೊಂಡಿದ್ದೆ. ಮೇಷ್ಟ್ರು ನೋಡಿದರು. "ಎಲ್ಲಿತ್ತೋ ಅಲ್ಲೇ ಇಟ್ಟು ಬಾ ಹೋಗು" ಅಂದರು. ಇಟ್ಟು ಬಂದೆ. ಅದರ ಅಂಚಿನಲ್ಲಿ ಯಾರದೋ ಹೆಬ್ಬೆರಳು ಒತ್ತಿದ ಗುರುತಿತ್ತು. ಅದು ಮಾತ್ರ ನನ್ನ ಜೊತೆಗೇ ಬಂತು. ಸಂಬಳ ಶುರುವಾದ ಮೇಲೆ ಅಂಥ ಗುರುತುಗಳಿಗಾಗಿಯೇ ಸಾಮಾನು ತರಲು ಹತ್ತಿದೆ. ಹಿಡಿಕೆ ಸವೆದ ಜಾಗಕ್ಕೆ ನನ್ನ ಕೈ ಸರಿಯಾಗಿ ಕೂತರೆ ಸಾಕು, ಕೆಳಗಿಡಲು ಮನಸ್ಸಾಗುತ್ತಿರಲಿಲ್ಲ.

ನಮ್ಮ ಕಡೆ ಹಳೆಯದನ್ನು ಕೂಡಿಡುವುದು ಹೊಸ ಚಟವೇನಲ್ಲ. ಮೊದಲು ಅದಕ್ಕೆ ಹೆಸರಿರಲಿಲ್ಲ, ಅಟ್ಟ ಇತ್ತು. ಕಿಲೋ ಬಂದಾಗ ಸೇರು ಅಟ್ಟಕ್ಕೆ ಹೋಯಿತು. ಕರೆಂಟು ಬಂದಾಗ ಲಾಟೀನು ಹೋಯಿತು. ಆಮೇಲೆ ತಾರಸಿ ಮನೆಗಳು ಬಂದು ಅಟ್ಟವೇ ಹೋಯಿತು, ಸಾಮಾನೆಲ್ಲ ಗುಜರಿಗೆ ಇಳಿಯಿತು. ಅಲ್ಲಿಂದ ಕೆಲವು ಕರಗಲು ಹೋಗುತ್ತವೆ, ಕೆಲವು ಹೆದ್ದಾರಿ ಹೋಟೆಲುಗಳ ಗೋಡೆ ಸೇರುತ್ತವೆ, ಕೆಲವು ನನ್ನಂಥವರ ಮನೆಗೆ ಬರುತ್ತವೆ. ಉಳಿಸುತ್ತಿದ್ದೇನೆ ಎಂದು ಮೊದಮೊದಲು ಹೆಮ್ಮೆ ಇತ್ತು. ನೂರು ದಾಟಿದ ಮೇಲೆ ಒರೆಸುವುದೊಂದೇ ಉಳಿಯಿತು.

ಹಿರಿಯೂರಿನ ಒಬ್ಬ ಗುಜರಿಯವರ ಗಾಡಿ ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳನ್ನು ಸುತ್ತುತ್ತದೆ. ಹಿತ್ತಾಳೆ ಸಿಕ್ಕಾಗ ನನಗೆ ಫೋನ್ ಮಾಡುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಅವರಲ್ಲಿ ಒಮ್ಮೆಗೇ ನಾಲ್ಕು ಹಿತ್ತಾಳೆ ಸೇರು ಸಿಕ್ಕಿದವು. ಬಸ್ಸಿನಲ್ಲಿ ಹೊತ್ತು ತಂದು, ಅದೇ ಸಂಜೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಮೈತುಂಬ ಅಂಟಿದ್ದ ಕೆಂಪು ಹಳದಿ ಕೊಳೆಯೆಲ್ಲ ಬಿಟ್ಟು ನಾಲ್ಕೂ ಒಂದೇ ಥರ ಹೊಳೆದವು. ತಳದಲ್ಲಿ ಬಿಳಿ ಬಣ್ಣದಿಂದ 203, 204, 205, 206 ಎಂದು ಬರೆದೆ. ಪ್ರತಿ ವಸ್ತುವಿನ ಎತ್ತರ, ಸುತ್ತಳತೆ, ತೂಕ ಬರೆಯುವುದು ನನ್ನ ಪದ್ಧತಿ. ಅಂದು ದಣಿದಿದ್ದೆ. ನಾಲ್ಕಕ್ಕೂ ಸೇರಿಸಿ ಒಂದೇ ಸಾಲು ಬರೆದು ಮಲಗಿದೆ: "ಸೇರು, ಹಿತ್ತಾಳೆ, 4. ಹಿರಿಯೂರು."

ಡಿಸೆಂಬರ್ ಹದಿನಾಲ್ಕು, ಭಾನುವಾರ. ಒರೆಸುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಐವತ್ತು ದಾಟಿದವರು, ಕಂಕುಳಲ್ಲಿ ಒಂದು ಬಟ್ಟೆ ಚೀಲ.

"ಹಳೇ ಸಾಮಾನು ಇಟ್ಕಂಡಿರೋನು ನೀನೇನಪ್ಪ? ಬಿ.ದುರ್ಗದಿಂದ ಬಂದೀನಿ. ನಮ್ಮ ಸೇರು ನಿನ್ತಾವ ಐತಂತೆ."

ಗುಜರಿ ಗಾಡಿಯವನನ್ನು ಹಿಡಿದು ನನ್ನ ಮನೆ ಪತ್ತೆ ಮಾಡಿದ್ದರು. ಹೊಸದಾಗಿ ಬಂದ ಸೊಸೆ ಸೇರು ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದಳಂತೆ.

"ಬುದ್ಧಿವಂತೆ. ಎಲ್ಡು ಬುಟ್ಟಿ ಕೊಡ್ತೀನಿ ಅಂದಿದ್ರೆ ನನ್ನೂ ಕೊಟ್ಟಿರೋಳು" ಎಂದು ಅವರು ನಕ್ಕರು. ನಗು ಬೇಗ ನಿಂತಿತು. "ನಾಳಿಕ್ಕೆ ರಾಗಿ ರಾಶಿ ಅಳೀಬೇಕು. ಮಿಷನ್‌ನಾಗೆ ಒಕ್ಕಿದ್ರೂ ಮೊದ್ಲ ಐದು ಸೇರು ಅದ್ರಾಗೇ ಆಗ್ಬೇಕು ನಮ್ಮನೇಲಿ. ನಾನೊಂದು ಮಾತಂದೆ ಅಂತ ಆ ಹುಡ್ಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಸೇರು ಮುಂದಿಟ್ಟು 'ಏಳವ್ವ, ಉಣ್ಣು' ಅನ್ನಬೇಕಪ್ಪ ನಾನು."

ನಾಲ್ಕನ್ನೂ ತಂದು ಅವರ ಮುಂದಿಟ್ಟೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು.

"ಅರಿಶಿನ ಕುಂಕುಮ ಎಲ್ಲಿ?"

ಪ್ರತಿ ವರ್ಷ ರಾಶಿ ಪೂಜೆಯಲ್ಲಿ ಸೇರಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಅದನ್ನು ತೊಳೆಯುವುದಿಲ್ಲ. ಅವರ ಅತ್ತೆ ಹಚ್ಚಿದ್ದರ ಮೇಲೆ ಇವರು ಹಚ್ಚುತ್ತಾ ಬಂದಿದ್ದರು. ನಾನು ಕೊಳೆಯೆಂದು ತಿಳಿದದ್ದು ಅದನ್ನೇ.

"ಉಜ್ಜಿಬಿಟ್ಟೆ, ಅಮ್ಮಾ" ಅಂದೆ.

"ನಿನ್ಗೂ ನಮ್ಮ ಸೊಸೆಗೂ ಒಂದೇ ಮೇಷ್ಟ್ರು ಅಂತ ಕಾಣ್ತೈತೆ."

ಪಟ್ಟಿ ತೆಗೆದೆ. ಒಂದೇ ಸಾಲು. ಆ ಸಾಲಿನಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. "ನಾಲ್ಕನ್ನೂ ತಗೊಂಡು ಹೋಗಿ" ಅಂದೆ.

"ಬ್ಯಾರೆಯವ್ರ ಸೇರು ನಮ್ಮ ಕಣಕ್ಕೆ ಯಾಕೆ?" ಎಂದು ಅವರು ಚೀಲ ಬಿಚ್ಚಿದರು. ಒಳಗೆ ರಾಗಿ ಇತ್ತು. ಸೇರನ್ನು ಬರಿದಾಗಿ ಮನೆಗೆ ಒಯ್ಯಬಾರದೆಂದು, ತುಂಬಿಕೊಂಡು ಹೋಗಲು ತಂದಿದ್ದರು. ನನ್ನ ಹಳೆಯ ಪತ್ರಿಕೆಯೊಂದನ್ನು ಹಾಸಿ, ಮೊದಲ ಸೇರು ತುಂಬಿ, ಅಂಗೈಯಿಂದ ಬಾಯಿ ಮಟ್ಟ ಮಾಡಿದರು. ಅದನ್ನು ಎರಡನೆಯದಕ್ಕೆ ಸುರಿದರು. ಬಾಯಿಗೆ ಸರಿಯಾಗಿ ಬಂತು. ಮೂರನೆಯದಕ್ಕೆ ಸುರಿದರು, ಅದೂ ಸರಿ. ನಾಲ್ಕನೆಯದಕ್ಕೆ ಸುರಿದಾಗ ರಾಗಿ ಬಾಯಿಗಿಂತ ಕೆಳಗೇ ನಿಂತಿತು. ಒಂದು ಹಿಡಿ ರಾಗಿ ತೆಗೆದು ಹಾಕಿದರು. ತುಂಬಿತು.

"ಇದೇ ನೋಡು" ಅಂದರು. ಮುಖ ಸಡಿಲವಾಯಿತು. "ಕೂಲಿಯವ್ರಿಗೆ ಕಾಳು ಅಳೆಯೋ ಸೇರಿನ ತಳನ ಬ್ಯಾರೆಯವ್ರು ಮ್ಯಾಕೆ ಬಡಿಸ್ತಿದ್ರು, ಕಮ್ಮಿ ಹಿಡೀಲಿ ಅಂತ. ನಮ್ಮತ್ತೆ ಕೆಳಕ್ಕೆ ಬಡಿಸಿದ್ಲು. ಊರೆಲ್ಲ ಬೈತಿತ್ತು, ನಿನ್ನಿಂದ ಕೂಲಿಯವ್ರು ನಮ್ಮನ್ನೂ ಜಾಸ್ತಿ ಕೇಳ್ತಾರೆ ಅಂತ."

ತಳ ತಿರುಗಿಸಿದರೆ 206. ಬರೆಯುವಾಗ ಅಂಕಿ ಸೊಟ್ಟಗಾಗಿತ್ತು, ತಳ ಸ್ವಲ್ಪ ಉಬ್ಬಿತ್ತು, ಅದು ನೆನಪಾಯಿತು. ಅಂದು ಕುಂಚವನ್ನು ಬೈದುಕೊಂಡು ಮುಂದೆ ಹೋಗಿದ್ದೆ. ಮೂವತ್ತೆಂಟು ಅಳತೆಪಾತ್ರೆಗಳಲ್ಲಿ ಒಂದಕ್ಕೂ ನಾನು ಕಾಳು ಸುರಿದು ನೋಡಿರಲಿಲ್ಲ.

ಬಣ್ಣ ಕೆರೆದು ಕೊಡಲೇ ಎಂದು ಕೇಳಿದೆ.

"ಇರ್ಲಿ ಬಿಡು. ಇನ್ನ ಉಜ್ಜಬ್ಯಾಡ."

ಎದ್ದು ನಿಂತು, ಸೇರಿನ ರಾಗಿಯನ್ನು ಚೀಲಕ್ಕೆ ಸುರಿದು, ಪೂರ್ವಕ್ಕೆ ತಿರುಗಿ ಮತ್ತೆ ತುಂಬಿದರು. "ಲಾಭ" ಅಂದರು. ಕಣದಲ್ಲಿ ಮೊದಲ ಸೇರನ್ನು ಒಂದು ಎಂದು ಎಣಿಸುವುದಿಲ್ಲ, ಲಾಭ ಎನ್ನುತ್ತಾರೆ. ಚೀಲದಲ್ಲಿ ಮಿಕ್ಕಿದ್ದನ್ನು ನನ್ನ ಪತ್ರಿಕೆಯ ಮೇಲೆ ಸುರಿದು, "ಮುದ್ದೆ ಮಾಡ್ಕಂಡು ಉಣ್ಣು" ಎಂದು ಹೇಳಿ, ತುಂಬಿದ ಸೇರಿಗೆ ಚೀಲ ಮುಚ್ಚಿ ಎದೆಗೊತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಪಟ್ಟಿಯಲ್ಲಿ 206ನ್ನು ಹೊಡೆದು ಹಾಕಿದೆ. ಒಟ್ಟು 211. ಆಮೇಲೆ ಸ್ಕೇಲಿಟ್ಟು ಹೊಸದೊಂದು ಅಂಕಣ ಎಳೆದೆ: ಯಾರ ಮನೆಯದು. ಒಂದರಿಂದ ಶುರುಮಾಡಿ ಗೊತ್ತಿದ್ದವಕ್ಕೆಲ್ಲ ಬರೆಯುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಒಂಬತ್ತು ತುಂಬಿದವು, 202 ಖಾಲಿ.

ಉಳಿದ ಮೂರು ಸೇರುಗಳು ನೆಲದ ಮೇಲೇ ಇದ್ದವು, ಅಂಚಿನ ಸಂದಿನಲ್ಲಿ ನಾಲ್ಕಾರು ರಾಗಿ ಕಾಳು ಸಿಕ್ಕಿಕೊಂಡಿದ್ದವು. ಅಂದು ಮತ್ತೆ ಬಟ್ಟೆ ಕೈಗೆತ್ತಿಕೊಳ್ಳಲಿಲ್ಲ. ಹಿರಿಯೂರಿಗೆ ಫೋನ್ ಮಾಡಿ, ಆ ಮೂರು ಯಾವ ಊರಿನವು ಎಂದು ಕೇಳಿದೆ.

"ಅದೆಲ್ಲ ಯಾರು ಬರ್ದಿಡ್ತಾರೆ ಸಾರ್" ಅಂದರು ಗುಜರಿಯವರು. "ಮತ್ತೆ ಎಲ್ಡು ಲಾಟೀನು ಬಂದವೆ. ಬರ್ರಿ."