ಈಜು ಕಲಿಸಿರೆಂದು ಕೇಳಿದ ವರ್ಷ

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸಿರುಗುಪ್ಪದ ಮನೆಯಲ್ಲಿದ್ದೆ. ನಮ್ಮ ಓಣಿಯ ಹುಡುಗಿಯರು ಸೇರಿ ಒಂದು ಯುವತಿ ಮಂಡಳಿ ಕಟ್ಟಿಕೊಂಡಿದ್ದೆವು. ಮಂಡಳಿ ನಮ್ಮದಾದರೂ ಅಧ್ಯಕ್ಷರು ಮಾತ್ರ ಐವತ್ತು ದಾಟಿದ ಅಕ್ಕಿ ಗಿರಣಿ ಮಾಲೀಕರು. ಹುಡುಗಿಯರ ಕೈಗೇ ಬಿಟ್ಟರೆ ಊರಲ್ಲಿ ಮಾತು ಬರುತ್ತದೆಂದು ಹಿರಿಯರು ಅವರನ್ನು ತಂದು ಕೂರಿಸಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಜೊತೆ ಕೋಲಾಟ ಆಡುತ್ತಿದ್ದ ಗೆಳತಿಯೊಬ್ಬಳು ಕಾಲುವೆಯ ಪಾಲಾದಳು. ಬಟ್ಟೆ ಒಗೆಯಲು ಹೋದವಳು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ್ದಳು. ದಂಡೆಯ ಮೇಲೆ ಬೇಕಾದಷ್ಟು ಹೆಂಗಸರಿದ್ದರು, ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಒಗೆದಿಟ್ಟ ಸೀರೆಯನ್ನೇ ಎಸೆದರಂತೆ. ಅದು ಅವಳ ಕೈಗೆ ಸಿಗಲಿಲ್ಲ. ನಾನು ಅಲ್ಲಿರಲಿಲ್ಲ. ನನಗೆ ಈಜು ಬರುತ್ತಿತ್ತು. ಕುರುಗೋಡಿನ ಸೋದರಮಾವ ಬೇಸಿಗೆ ರಜೆಯಲ್ಲಿ ತಮ್ಮ ಹೊಲದ ಬಾವಿಗಿಳಿಸಿ ಕಲಿಸಿದ್ದರು.

ಆಗ ಬಳ್ಳಾರಿಯ ಯುವಜನ ಕಚೇರಿಯಿಂದ ಕರೆ ಬಂತು. ಮುಂದಿನ ವರ್ಷದ ಯುವಜನ ಕಾರ್ಯಕ್ರಮಗಳು ಹೇಗಿರಬೇಕೆಂದು ಯುವಜನರೇ ಹೇಳಬೇಕಂತೆ, ಪ್ರತಿ ಮಂಡಳಿಯಿಂದ ಅಧ್ಯಕ್ಷರ ಜೊತೆ ಇಬ್ಬರು ಬರಬೇಕಂತೆ. ನಮಗೆ ಎಲ್ಲಿಲ್ಲದ ಉತ್ಸಾಹ. ಮನಸ್ಸಿಗೆ ತೋಚಿದ್ದನ್ನು ಹೇಳಿ ಬರಬಾರದೆಂದು ಮನೆಮನೆಗೆ ಹೋಗಿ ಹುಡುಗಿಯರನ್ನು ಕೇಳಿದೆವು. ನಾಟಿಯ ಗದ್ದೆಯಲ್ಲಿದ್ದವರನ್ನು ಬದುವಿನ ಮೇಲೆ ನಿಂತೇ ಕೇಳಿದೆವು. ಹೆಚ್ಚಿನವರ ಬಾಯಲ್ಲಿ ಬಂದದ್ದು ಒಂದೇ ಮಾತು, ಈಜು.

ಬಳ್ಳಾರಿಯ ಗಾಂಧಿನಗರದಲ್ಲಿದ್ದ ಆ ಕಚೇರಿಯಲ್ಲೇ ಸಭೆ. ನಾನೂ ಇನ್ನೊಬ್ಬ ಗೆಳತಿಯೂ ಅಧ್ಯಕ್ಷರ ಹಿಂದೆ ಒಳಗೆ ಹೋಗುವಾಗ ಪಡಸಾಲೆಯಲ್ಲಿ ಗೋಣಿತಟ್ಟು ಸುತ್ತಿದ ಹೊಲಿಗೆ ಮಷೀನುಗಳು ಸಾಲಾಗಿ ನಿಂತಿದ್ದವು. ಯಾರಿಗೆಂದು ಕೇಳಿದೆ. ನಿಮಗೇ, ಹೋಗುವಾಗ ತೆಗೆದುಕೊಂಡು ಹೋಗಿ ಎಂದು ಜವಾನ ನಗುತ್ತ ಹೇಳಿದ. ಇನ್ನೂ ಸಭೆಯೇ ಶುರುವಾಗಿರಲಿಲ್ಲ.

ಮುಂದಿನ ಕುರ್ಚಿಗಳಲ್ಲಿ ಹಿರಿಯರು, ಹಿಂದಿನ ಬೆಂಚುಗಳಲ್ಲಿ ನಾವು. ಯುವಜನರ ದನಿಯೇ ದೇಶದ ದನಿ ಎಂದು ಮಧ್ಯಾಹ್ನದವರೆಗೂ ಭಾಷಣ ನಡೆಯಿತು. ಕೊನೆಗೆ ನಮ್ಮ ಕಡೆ ತಿರುಗಿದಾಗ ನಾನು ಎದ್ದು ನಿಂತೆ.

“ನಮ್ಮೂರಾಗ ಕಾಲುವಿ ಐತ್ರಿ. ದಿನಾ ನೀರಿಗೆ ಹೋಗೋರು ನಾವ, ಹೆಣ್ಮಕ್ಕಳು. ನಮಗ ಈಜು ಕಲಸ್ರಿ.”

ಸಭೆ ನಕ್ಕಿತು. ಹುಡುಗರ ಬೆಂಚಿನಿಂದ ಯಾರೋ ಸೀಟಿ ಹೊಡೆದರು. ಸತ್ತ ಗೆಳತಿಯ ಸುದ್ದಿ ಹೇಳಬೇಕೆಂದಿದ್ದೆ, ಆ ನಗುವಿನಲ್ಲಿ ಅದನ್ನು ಹೇಳದೆಯೇ ಕೂತುಬಿಟ್ಟೆ. ಸಭೆ ನಡೆಸುತ್ತಿದ್ದ ಅಧಿಕಾರಿ ಒಳ್ಳೆಯ ಮನುಷ್ಯರೇ, ಮೃದುವಾಗಿಯೇ ಹೇಳಿದರು: “ಸಲಹೆ ಚೆನ್ನಾಗಿದೆಯಮ್ಮ. ಆದರೆ ಹೆಣ್ಣುಮಕ್ಕಳ ಬಾಳಿಗೆ ಉಪಯೋಗವಾಗುವಂಥದ್ದು ಬೇಕಲ್ಲ?”

ಬಾಳುವುದಕ್ಕೇ ಕೇಳುತ್ತಿದ್ದೇನೆ ಎಂಬ ಉತ್ತರ ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಮಷೀನುಗಳು ನಮ್ಮ ತಲೆಯ ಮೇಲೆ, ಬಸ್ಸಿನ ಟಾಪಿನಲ್ಲಿದ್ದವು.

ಬೇಸಿಗೆಗೆ ನಾಲ್ವರು ಗೆಳತಿಯರನ್ನು ಕರೆದುಕೊಂಡು ಕುರುಗೋಡಿಗೆ ಹೋದೆ. ಅವರ ತಂದೆಯರನ್ನು ಒಪ್ಪಿಸಲು ಅವ್ವ ಮನೆಮನೆಗೆ ಹೋಗಿ ಬೇಡಿಕೊಂಡಿದ್ದಳು. ಇದರಲ್ಲಿ ಮಂಡಳಿಯ ಹೆಸರು ಎತ್ತಬೇಡಿ, ನಾಳೆ ಏನಾದರೂ ಆದರೆ ನನಗೆ ಸಂಬಂಧವಿಲ್ಲ ಎಂದು ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು. ಮಾವ ಹುಡುಗಿಯರ ಬೆನ್ನಿಗೆ ತೇಲಲೆಂದು ಖಾಲಿ ಡಬ್ಬಿ ಕಟ್ಟಿ, ಹಗ್ಗ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅತ್ತೆ ದಾರಿಯಲ್ಲಿ ನಿಂತು, ಆ ಕಡೆ ಬಂದ ಗಂಡಸರನ್ನೆಲ್ಲ ಬೈದು ಕಳಿಸುತ್ತಿದ್ದಳು. ಲಂಗಕ್ಕೆ ಕಚ್ಚೆ ಬಿಗಿದು, ನೀರು ಕುಡಿದು, ಅತ್ತು, ಒಬ್ಬರನ್ನೊಬ್ಬರು ಬೈದುಕೊಂಡು ನಾಲ್ವರೂ ಕಲಿತರು. ನನ್ನ ಪಾಲಿಗೆ ಆ ವರ್ಷದ ಸುಖವೆಂದರೆ ಅಷ್ಟೇ.

ಮರುವರ್ಷದ ಸಭೆಗೂ ಹೋದೆ. ಹಿಂದಿನ ವರ್ಷದ ಸಾಧನೆಗಳನ್ನು ಓದುತ್ತ ನಮ್ಮ ಅಧ್ಯಕ್ಷರು, ಕುರುಗೋಡಿನಲ್ಲಿ ಯುವತಿಯರಿಗಾಗಿ ಮಂಡಳಿ ಈಜು ಶಿಬಿರ ನಡೆಸಿತು ಎಂದರು. ಚಪ್ಪಾಳೆ ಬಿತ್ತು. ಹೋದ ವರ್ಷ ನಕ್ಕವರೇ ತಟ್ಟಿದರು. ನನ್ನ ಮೈ ಉರಿಯಿತು.

“ಅದು ಶಿಬಿರ ಅಲ್ರಿ, ನಮ್ಮ ಮಾವನ ಬಾವಿ,” ಎಂದು ಎದ್ದು ನಿಂತೆ. “ನಿಮ್ಮನ್ನ ಕೇಳಿದಾಗ ನೀವು ಬ್ಯಾಡ ಅಂದಿದ್ರಿ.”

ಅಧ್ಯಕ್ಷರು ಹಿಂತಿರುಗಿ ಸಣ್ಣ ದನಿಯಲ್ಲಿ ಹೇಳಿದರು: “ಕುಂದ್ರವ್ವಾ. ಊರಿಗೆ ಹೆಸರು ಬಂತಲ್ಲ, ಇನ್ನೇನು ಬೇಕು ನಿನಗ?”

ಈ ವರ್ಷ ಸಿರುಗುಪ್ಪದಲ್ಲೇ ಕಲಿಸುತ್ತೀರಾ ಎಂದು ನಾನು ಅಧಿಕಾರಿಯನ್ನೇ ಕೇಳಿದೆ. ವೇಳೆ ಕಡಿಮೆಯಿದೆ, ಚಹಾದ ಹೊತ್ತಿಗೆ ಕೂತು ಮಾತಾಡೋಣ ಎಂದರು. ಚಹಾದ ಹೊತ್ತಿಗೆ ಕಪ್ಪು ಹಂಚುವ ಕೆಲಸ ಹುಡುಗಿಯರ ಪಾಲಿಗೆ ಬಂತು. ಹಂಚಿ ಮುಗಿಸಿ ನೋಡಿದರೆ ಅವರ ಜೀಪು ಹೊರಟುಹೋಗಿತ್ತು. ಮುಂದಿನ ಸಭೆಗಳಿಗೆ ನನ್ನನ್ನು ಕಳಿಸಲಿಲ್ಲ. ನಮಗೆ ಕಸೂತಿ ತರಬೇತಿ ಬಂತು.

ನಾವು ಐವರು ನಮ್ಮನಮ್ಮಲ್ಲೇ ಒಂದು ಏರ್ಪಾಟು ಮಾಡಿಕೊಂಡೆವು. ಬಟ್ಟೆ ಒಗೆಯುವ ಹೊತ್ತಿನಲ್ಲಿ ಯಾರಾದರೊಬ್ಬಳು ಕಾಲುವೆಯ ದಂಡೆಯಲ್ಲಿ ಇರಲೇಬೇಕು. ಒಮ್ಮೆ ಅದರಿಂದ ಒಂದು ಮಗು ಉಳಿಯಿತು. ಆದರೆ ಒಬ್ಬೊಬ್ಬರಿಗೇ ಮದುವೆಯಾಯಿತು, ಒಬ್ಬೊಬ್ಬರೇ ಬೇರೆ ಊರಿಗೆ ಹೋದೆವು. ನಾನು ಊರು ಬಿಡುವ ಹೊತ್ತಿಗೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಹೊಸ ಹುಡುಗಿಯರು. ಅವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ.