ವರಪರೀಕ್ಷೆಗೆ ಒಂದು ಕ್ರಿಯಾಪದ

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದ ನನಗೆ ಪೂರ್ತಿ ಗೊತ್ತು ಎಂದು ಹೇಳುವ ಧೈರ್ಯ ಬಿ.ಎ. ಆಗುವುದಕ್ಕೆ ಮುಂಚೆ ನನಗಿತ್ತು. ಚಿಕ್ಕಂದಿನಲ್ಲಿ ಮೇಷ್ಟ್ರು ‘ತೆಗೆದುಕೋ’ ಎಂದು ಅರ್ಥ ಹೇಳಿಕೊಟ್ಟರು, ತೆಗೆದುಕೊಂಡೆ. ಆಮೇಲೆ ನೋಡಿದರೆ ಈ ಇಂಗ್ಲಿಷರು ರಜವನ್ನೂ ತೆಗೆದುಕೊಳ್ಳುತ್ತಾರೆ, ಪ್ರಮಾಣವನ್ನೂ ತೆಗೆದುಕೊಳ್ಳುತ್ತಾರೆ, ಸುಮ್ಮನೆ ಕೂರುವುದಕ್ಕೂ ಕುರ್ಚಿಯನ್ನು ತೆಗೆದುಕೊಳ್ಳುತ್ತಾರೆ. ಅದರ ಬೆನ್ನಿಗೆ ‘ಆಫ್’ ಅಂಟಿಸಿದರೆ ಟೋಪಿ ಕಳಚುತ್ತದೆ. ‘ಆಫ್ಟರ್’ ಅಂಟಿಸಿದರೆ ಮಗ ಅಪ್ಪನನ್ನು ಹೋಲುತ್ತಾನೆ. ‘ಇನ್’ ಅಂಟಿಸಿದರೆ ಯಾರೋ ಯಾರಿಗೋ ಮೋಸ ಮಾಡುತ್ತಾರೆ. ಇಷ್ಟು ಕೆಲಸವನ್ನು ಒಂದೇ ಆಳಿನ ಕೈಲಿ ಮಾಡಿಸುವವರು ನಮ್ಮನ್ನು ಆಳದೆ ಬಿಡುತ್ತಾರೆಯೇ!

ಹಾಗಂತ ನಾವೇನು ಕಡಿಮೆಯಿಲ್ಲ. ‘ಹೊಡೆ’ ಎನ್ನುವುದನ್ನೇ ನೋಡಿ. ಗಾಡಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಯಾರಿಗೂ ಪೆಟ್ಟಾಗುವುದಿಲ್ಲ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ನಮ್ಮವ್ವ ಅಕ್ಷರ ಕಾಣದವಳು, ಆದರೂ ಅದನ್ನು ಒಂದು ಸಲವೂ ತಪ್ಪಾಗಿ ಬಳಸಿದವಳಲ್ಲ. ಅವಳ ಮಗ ಮಾತ್ರ ಮದರಾಸು ವಿಶ್ವವಿದ್ಯಾನಿಲಯದವರ ಪರೀಕ್ಷೆಗೆ ಕಟ್ಟಿ, ಕಣ್ಣು ಹಾಳುಮಾಡಿಕೊಂಡು, ಟೇಕನ್ನು ಕಲಿಯಬೇಕಾಯಿತು. ನಮ್ಮ ವಂಶದಲ್ಲಿ ಬಿ.ಎ. ಆದವನು ನಾನೇ ಮೊದಲು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೆಮ್ಮೆಗೇ ಹೇಳುತ್ತಿದ್ದೇನೆ.

ಚಾಮರಾಜಪೇಟೆಯ ನಮ್ಮ ಬೀದಿಗೆ ನಾನೊಬ್ಬನೇ ಬಿ.ಎ. ಆಗಿದ್ದುದರಿಂದ ನನಗೆ ‘ಮೇಷ್ಟ್ರು’ ಎಂಬ ಹೆಸರೂ ಒಂದು ಕೆಲಸವೂ ತಾನಾಗಿ ಅಂಟಿಕೊಂಡವು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಹಾಡಿಸುತ್ತಾರಷ್ಟೆ. ನಮ್ಮ ಬೀದಿಯ ಹೆಣ್ಣಿನ ತಂದೆಯರು ಅದಕ್ಕೆ ಜವಾಬಾಗಿ ಹುಡುಗನಿಂದ ಇಂಗ್ಲಿಷ್ ಆಡಿಸತೊಡಗಿದರು. ವರದಕ್ಷಿಣೆ ಹುಡುಗನ ಓದಿನ ಮೇಲೆ ಏರುತ್ತಿದ್ದ ಕಾಲ. ಹುಡುಗಿಗೆ ಶ್ರುತಿಪೆಟ್ಟಿಗೆ ಇಟ್ಟ ಹಾಗೆ ಹುಡುಗನ ಮುಂದೆ ನನ್ನನ್ನು ಕೂರಿಸುತ್ತಿದ್ದರು. ನಾನು ಒಂದು ಕ್ರಿಯಾಪದ ಕೊಡುವುದು, ಅವನು ಅದರ ಅರ್ಥಗಳನ್ನು ಹೇಳಿ ವಾಕ್ಯ ಮಾಡುವುದು. ಕೂತವರಲ್ಲಿ ಯಾರಿಗೂ ಇಂಗ್ಲಿಷ್ ಬಾರದು, ಆದರೂ ತಾಳಕ್ಕೆ ಸರಿಯಾಗಿ ತಲೆಯಾಡಿಸುತ್ತಿದ್ದರು.

ಪಕ್ಕದ ಮನೆಯ ಚಿಕ್ಕಣ್ಣನವರು ದಂಡು ಪ್ರದೇಶದ ಇಂಗ್ಲಿಷ್ ದೊರೆಗಳ ಅಡುಗೆಮನೆಗಳಿಗೆ ಆಲೂಗಡ್ಡೆ, ನವಿಲುಕೋಸು ಒದಗಿಸುವ ವ್ಯಾಪಾರಿ. ಅವರ ಮಗಳು ಗೌರಮ್ಮ ಚುರುಕು ಹುಡುಗಿ, ಒಬ್ಬಳೇ ಮಗಳು. ದಂಡಿನವರ ಜೊತೆ ಎರಡು ಮಾತು ಇಂಗ್ಲಿಷ್ ಆಡಬಲ್ಲ ಅಳಿಯ ಸಿಕ್ಕರೆ ಮನೆಗೂ ಆಯಿತು, ಮಂಡಿಗೂ ಆಯಿತು ಎಂಬುದು ಅವರ ಲೆಕ್ಕ. ಯಲಹಂಕದ ಕಡೆಯಿಂದ ರಾಮಯ್ಯ ಎಂಬ ಹುಡುಗ ಬಂದ. ಜೊತೆಗೆ ಅವನ ಸೋದರಮಾವ. ಹುಡುಗ ಮೆಟ್ರಿಕ್ಯುಲೇಷನ್ ಪಾಸು, ಅದೂ ಮೊದಲನೇ ಸಲಕ್ಕೇ, ಎಂದು ಮಾವ ಚಪ್ಪಲಿ ಬಿಡುವ ಮುಂಚೆಯೇ ಹೇಳಿ ಮುಗಿಸಿದ್ದರು.

ನಾನು ಶಲ್ಯ ಸರಿಮಾಡಿಕೊಂಡು ಕೂತು ‘ಟೇಕ್’ ಕೊಟ್ಟೆ. ಹುಡುಗ ‘ತೆಗೆದುಕೊಳ್ಳುವುದು’ ಎಂದ. ಇನ್ನೊಂದರ್ಥ ಕೇಳಿದೆ. ತಲೆ ತಗ್ಗಿಸಿದ. ಒಂದು ಚಿಟಿಕೆ ದಾಕ್ಷಿಣ್ಯವೂ ಇಲ್ಲದೆ ಮತ್ತೂ ಕೇಳಿದೆ. ಆಗ ಅವನು ತಲೆಯೆತ್ತಿ, ನನ್ನ ಮುಖವನ್ನೇ ನೋಡಿ, ಇಂಗ್ಲಿಷಿನಲ್ಲಿ ನಿಧಾನವಾಗಿ ನಾಲ್ಕಾರು ವಾಕ್ಯ ಹೇಳಿದ. ಅದರ ಸಾರ ಇಷ್ಟು: ಸ್ವಾಮಿ, ನನಗೆ ಗೊತ್ತಿಲ್ಲ. ನಾನು ಪಾಸಾಗಿಲ್ಲ, ಇಂಗ್ಲಿಷಿನಲ್ಲೇ ಹೋಯಿತು. ಪಾಸು ಎನ್ನುತ್ತಿರುವುದು ನಮ್ಮ ಮಾವ. ದಯವಿಟ್ಟು ಇವರಿಗೆ ಮೋಸವಾಗಲು ಬಿಡಬೇಡಿ.

ಸಭೆ ಸಂತೋಷದಿಂದ ಉಬ್ಬಿಹೋಯಿತು. “ನೀರು ಹರಿದಂಗೆ ಹರೀತದೆ, ನೋಡಿ!” ಎಂದು ಸೋದರಮಾವ ತೊಡೆ ತಟ್ಟಿದರು. ಚಿಕ್ಕಣ್ಣನವರ ಕಣ್ಣಲ್ಲಿ ದಂಡಿನ ದೊರೆಗಳೆಲ್ಲ ಸಾಲಾಗಿ ನಿಂತು ಆಲೂಗಡ್ಡೆ ಕೇಳುತ್ತಿದ್ದರೆಂದು ತೋರುತ್ತದೆ. ಇಡೀ ನಡುಮನೆಯಲ್ಲಿ ಆ ಹುಡುಗ ಫೇಲು ಎಂದು ಗೊತ್ತಿದ್ದವರು ಮೂವರು: ಅವನು, ಅವನ ಮಾವ, ನಾನು. ಫೇಲಾದದ್ದನ್ನು ಅವನು ಇಷ್ಟು ಶುದ್ಧವಾಗಿ ಹೇಳಿದ್ದನಲ್ಲ, ಪಾಸಾದವರಲ್ಲಿ ಅಂಥ ಇಂಗ್ಲಿಷನ್ನು ನಾನು ಹೆಚ್ಚು ಕೇಳಿಲ್ಲ.

ಚಿಕ್ಕಣ್ಣನವರು ನನ್ನ ಕಡೆ ತಿರುಗಿದರು. “ಏನ್ ಮೇಷ್ಟ್ರೇ, ಆಗಬಹುದಾ?”

ಆಗಬಹುದು ಎಂದರೆ ನೆರೆಮನೆಯವರಿಗೆ ಸುಳ್ಳು ಹೇಳಿದಂತೆ. ಆಗದು ಎಂದರೆ, ನಿಜ ಹೇಳಿದ ತಪ್ಪಿಗೆ ಹುಡುಗನನ್ನು ಯಲಹಂಕಕ್ಕೆ ವಾಪಸು ಕಳಿಸಿದಂತೆ. ಬಿ.ಎ.ಗೆ ನಾನು ಓದಿದ ತರ್ಕಶಾಸ್ತ್ರದಲ್ಲಿ ಇದಕ್ಕೆ ಉಪಾಯವಿರಲಿಲ್ಲ. “ನನಗೆ ಹೇಳಿದ್ದನ್ನು ಕನ್ನಡದಲ್ಲೂ ಹೇಳಪ್ಪ” ಎಂದೆ. ಹುಡುಗ ಎದ್ದು ನಿಂತು, ಒಂದು ಮಾತನ್ನೂ ಮುಚ್ಚಿಡದೆ ಹೇಳಿದ. ಅದೇ ಮಾತು ಕನ್ನಡದಲ್ಲಿ ಬಂದಕೂಡಲೇ ಯಾರಿಗೂ ನೀರು ಹರಿದಂತೆ ಕೇಳಿಸಲಿಲ್ಲ. ಮಾವ ಮಾತ್ರ, ಹುಡುಗನಿಗೆ ಸಂಕೋಚ ಜಾಸ್ತಿ, ಪಾಸಾಗಿದ್ದನ್ನೂ ಹೀಗೇ ಹೇಳುತ್ತಾನೆ ಎಂದು ಕೊನೆಯವರೆಗೂ ಹೋರಾಡಿದರು.

ಚಿಕ್ಕಣ್ಣನವರು ಎದ್ದು ಒಳಗೆ ಹೋದರು. ಬಾಗಿಲ ಹಿಂದೆ ಬಳೆ ಸದ್ದು, ಪಿಸುಮಾತು. ಹೊರಗೆ ಹುಡುಗ ತನ್ನ ಚಪ್ಪಲಿಗಳ ಕಡೆ ನೋಡುತ್ತಿದ್ದ. ನಾನು ತೊಲೆ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಚಿಕ್ಕಣ್ಣನವರು ಹೊರಗೆ ಬಂದು, ಎಲೆ ಅಡಿಕೆ ತಟ್ಟೆಯನ್ನು ಹುಡುಗನ ಮುಂದಿಟ್ಟು, ವರದಕ್ಷಿಣೆಯ ಮಾತು ಬೇಡ, ಲಗ್ನ ನೋಡಿಸೋಣ ಎಂದರು. ಮಾವನ ಮುಖ ಬಾಡಿತು. ಹುಡುಗನ ಮುಖ ನೋಡಬೇಕಿತ್ತು.

ನನ್ನನ್ನು ಕಳಿಸಲು ಜಗಲಿಯವರೆಗೆ ಬಂದ ಚಿಕ್ಕಣ್ಣನವರನ್ನು, ಇದು ಹೇಗಾಯಿತು ಎಂದು ಕೇಳಿದೆ. ಅವರು ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಮೀಸೆ ತಿರುವಿದರು.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನಮ್ಮ ಗೌರಿದೇ ಹಟ. ‘ಗೊತ್ತಿಲ್ಲ ಅನ್ನೋಕೆ ಬರೋ ಗಂಡ ಸಿಕ್ಕಿದಾನೆ, ಬಿಡಬೇಡ ಕಣಪ್ಪಾ. ಪಾಸಾದವರ ಸಂಸಾರ ಹೆಂಗಿರ್ತದೆ ಅಂತ ಗೋಡೆ ಈಚೆಯಿಂದ ದಿನಾ ಕೇಳ್ತಾನೇ ಇದೀನಲ್ಲ’ ಅಂದ್ಬಿಟ್ಳು.”

ಅವರ ಮನೆಯ ಗೋಡೆಯ ಆಚೆಗೆ ಇದ್ದ ಮನೆ ನನ್ನದೊಂದೇ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಆ ಒಂದು ಮಾತು ಬಿಟ್ಟು. ಅವಳು ಅಕ್ಕಿ ಆರಿಸುತ್ತ, ತಲೆಯೆತ್ತದೆ, ನಗುವನ್ನು ತುಟಿಯಲ್ಲೇ ಒತ್ತಿ ಹಿಡಿದು ಕೇಳಿಸಿಕೊಂಡಳು. ಗೌರಿ ಒಪ್ಪಿದ್ದು ಯಾಕಂತೆ ಎಂದು ಮಾತ್ರ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಮದುವೆಯಾದಂದಿನಿಂದ ನನ್ನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಕೇಳಿದ್ದು ಇದೇ ಮೊದಲು ಎಂದು ಅವಳು ಮೊರವನ್ನು ಕೆಳಗಿಟ್ಟು ಮನಸಾರೆ ನಕ್ಕಳು.