ಕೊಟ್ರವ್ವ ಮರೆಯದ ಬುದ್ಧಿಮಾತು

ಏಕಾಂತಪ್ಪನ ಹೆಸರು ಕೇಳಿದರೆ ಸಾಕು, ಆವರಗೆರೆಯ ಕೊಟ್ರವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಐವತ್ತೆಂಟನೇ ಇಸವಿಯಲ್ಲಿ ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತ. ಬಿಡಿಸಲು ಹೋಗಿದ್ದ ಅವಳ ಗಂಡ ಗುಡ್ಡಪ್ಪನ ತಲೆಗೇ ಕೊಲೆ ಕಟ್ಟಿದರು. ಹರಿಹರದ ವಕೀಲರನ್ನು ಕಾಣಲು ಅವಳು ಹೊರಟರೆ, ಊರ ಯಜಮಾನ ಏಕಾಂತಪ್ಪ ಬಾಗಿಲಲ್ಲೇ ತಡೆದ.

“ತಪ್ಪು ಮಾಡಿದೋನಿಗೆ ಬೇಕು ವಕೀಲ. ಇವ್ನಿಗ್ಯಾಕ? ಸಾಹೇಬ್ರ ಮುಂದೆ ವಲ್ಲಿ ಹಾಸಿ ಅಡ್ಡ ಬೀಳ್ಲಿ, ಬಿಟ್ಟುಬಿಡ್ತಾರೆ.”

ಊರಿನ ಪಂಚಾಯ್ತಿ ಕಟ್ಟೆಯ ಪದ್ಧತಿ ಅದು. ತಪ್ಪು ಯಾರದೇ ಇರಲಿ, ಆರೋಪ ಹೊತ್ತವನು ಹೆಗಲಿನ ವಲ್ಲಿ ಬಟ್ಟೆಯನ್ನು ನೆಲಕ್ಕೆ ಹಾಸಿ ಅಡ್ಡಬಿದ್ದು ‘ತಪ್ಪಾತು’ ಅಂದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಗುಡ್ಡಪ್ಪ ಮ್ಯಾಜಿಸ್ಟ್ರೇಟರ ಮುಂದೆಯೂ ಹಾಗೇ ಬಿದ್ದು ‘ತಪ್ಪಾತು’ ಅಂದ. ಅವರು ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಆಮೇಲೆ ಸರ್ಕಾರ ಕೊಟ್ಟ ವಕೀಲರು ಎಷ್ಟು ವಾದಿಸಿದರೂ ಆ ಮಾತು ಅಳಿಸಲಾಗಲಿಲ್ಲ. ಜೀವಾವಧಿ ಶಿಕ್ಷೆಯಾಯಿತು, ಜೈಲಿನಿಂದ ಅವನ ಹೆಣವೇ ಬಂತು.

ಕೊಟ್ರವ್ವ ದಾವಣಗೆರೆಗೆ ಬಂದು ಪಿ.ಜೆ. ಬಡಾವಣೆಯ ಒಬ್ಬ ವಕೀಲರ ಮನೆಯಲ್ಲಿ ಕಸಮುಸುರೆಗೆ ನಿಂತಳು. ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ಏಕಾಂತಪ್ಪ ಏದುಸಿರು ಬಿಡುತ್ತ ಗೇಟು ತೆಗೆದ.

“ವಕೀಲ್ರು ಅದಾರೇನವ್ವ? ನನ್ನ ಮಗನ್ನ ಕೊಲೆ ಕೇಸಿನಾಗೆ ಹಿಡ್ಕೊಂಡು ಹೋಗ್ಯಾರೆ. ಅವ್ನು ಏನೂ ಮಾಡಿಲ್ಲ.”

ಕೊಟ್ರವ್ವ ತಲೆ ಎತ್ತಿದಳು. ಗುರುತು ಸಿಕ್ಕಿ ಅವನ ಮುಖ ಬಿಳಿಚಿಕೊಂಡಿತು. ಅವಳು ಪೊರಕೆ ಅಡ್ಡ ಹಿಡಿದಳು.

“ಏನೂ ಮಾಡದೋನಿಗೆ ವಕೀಲ್ರು ಯಾಕ್ರಿ, ಯಜಮಾನ್ರೇ? ಹೆಗಲ ಮ್ಯಾಲೆ ವಲ್ಲಿ ಐತಲ್ಲ, ಕೊಟ್ಟು ಕಳಿಸ್ರಿ. ಹಾಸಿ ಬೀಳ್ಲಿ.”